ರಾಶಿಯ ಲೆಕ್ಕ: ಪಿರಮಿಡ್ಡು ಮತ್ತು ಶಂಕುವಿನ ಘನಫಲ

ಸಾಂಗಲಿಯು ಅರಿಷಿಣದ ಪೇಟೆಯೆಂದು ಹೆಸರಾದುದು; ಮಿರಜ, ಜತ್ತ ತಾಲೂಕುಗಳಲ್ಲಿ ಸುಗ್ಗಿಯ ಕಾಲಕ್ಕೆ ಜೋಳದ ರಾಶಿ ಕಾಣದ ಬಾಲಕರು ವಿರಳ. ಕಾಳನ್ನು ಒಂದೇ ಎಡೆಗೆ ಮೇಲಿನಿಂದ ಸುರಿಯುತ್ತ ಹೋದರೆ ಅದು ತಾನಾಗಿಯೇ ದುಂಡು ತಳದ, ಮೊನಚು ತುದಿಯ ಆಕಾರವನ್ನು ತಾಳುತ್ತದೆ. ಈ ಆಕಾರಕ್ಕೆ ಶಂಕುವೆಂದು ಹೆಸರು. ತಳವು ದುಂಡಾಗಿರದೆ ಚೌಕವೋ ತ್ರಿಕೋನವೋ ಆಗಿದ್ದರೆ ಅದು ಪಿರಮಿಡ್ಡು. ರಾಶಿಯನ್ನು ಅಳೆಯುವ ಮೊದಲೇ ಅದರಲ್ಲಿ ಎಷ್ಟು ಕಾಳಿದೆಯೆಂದು ತಿಳಿಯಬಹುದೇ?

ವಿದ್ಯಾರ್ಥಿಗಳಲ್ಲಿ ಹಲವರು ಇಲ್ಲಿ ಒಂದು ತಪ್ಪು ಮಾಡುವರು. ತ್ರಿಕೋನವು ಆಯತದ ಅರ್ಧವಾಗಿರುವುದರಿಂದ, ಶಂಕುವೂ ಅಷ್ಟೇ ತಳ, ಅಷ್ಟೇ ಎತ್ತರವುಳ್ಳ ಸಿಲಿಂಡರಿನ ಅರ್ಧವೆಂದು ಅವರು ಭಾವಿಸುವರು. ದಪ್ಪ ಕಾಗದದಿಂದ ಅಂಥ ಒಂದು ಶಂಕುವನ್ನೂ ಒಂದು ಸಿಲಿಂಡರನ್ನೂ ಮಾಡಿ, ಶಂಕುವಿನಲ್ಲಿ ಜೋಳ ತುಂಬಿ ಸಿಲಿಂಡರಿಗೆ ಸುರಿದು ನೋಡಿರಿ. ಎರಡು ಸಲಕ್ಕೆ ಅದು ತುಂಬದು. ಮೂರು ಸಲಕ್ಕೆ ಸರಿಯಾಗಿ ತುಂಬುವುದು.

ಇದಕ್ಕೆ ಕಾರಣವೇನು? ಒಂದು ಘನಾಕೃತಿಯ ಪೆಟ್ಟಿಗೆಯ ಯಾವುದಾದರೊಂದು ಮೂಲೆಯನ್ನು ಆರಿಸಿಕೊಳ್ಳಿರಿ. ಆ ಮೂಲೆಯನ್ನು ಮುಟ್ಟದ ಮುಖಗಳು ಮೂರು. ಪ್ರತಿಯೊಂದು ಮುಖವನ್ನು ತಳವಾಗಿಯೂ ಆ ಮೂಲೆಯನ್ನು ತುದಿಯಾಗಿಯೂ ಎಣಿಸಿದರೆ, ಪೆಟ್ಟಿಗೆಯು ಮೂರು ಸಮಾನ ಪಿರಮಿಡ್ಡುಗಳಾಗಿ ಒಡೆಯುವುದು. ಆದುದರಿಂದ ಒಂದೊಂದರ ಘನಫಲವು ಪೆಟ್ಟಿಗೆಯ ಮೂರನೆಯ ಒಂದು ಭಾಗ. ಪುಸ್ತಕಗಳ ಒಟ್ಟಿಲನ್ನು ಓರೆಯಾಗಿ ತಳ್ಳಿದರೂ ಪುಸ್ತಕಗಳು ಕಡಿಮೆಯಾಗವಷ್ಟೆ. ಹಾಗೆಯೇ ಪಿರಮಿಡ್ಡಿನ ತುದಿ ಯಾವ ಕಡೆಗೆ ವಾಲಿದರೂ, ತಳ ಮತ್ತು ಎತ್ತರ ಬದಲಾಗದಿದ್ದರೆ ಘನಫಲವೂ ಬದಲಾಗದು. ಎತ್ತರವನ್ನು ಇಮ್ಮಡಿಸಿದರೆ ಪಿರಮಿಡ್ಡೂ ಪೆಟ್ಟಿಗೆಯೂ ಸಮನಾಗಿಯೇ ಹೆಚ್ಚುವುದರಿಂದ ಈ ಸಂಬಂಧವು ಕೆಡದು. ಇನ್ನು ತಳದ ಬಾಹುಗಳನ್ನು ಹೆಚ್ಚಿಸುತ್ತ ಹೋದರೆ ತಳವು ವೃತ್ತಕ್ಕೂ ಪಿರಮಿಡ್ಡು ಶಂಕುವಿಗೂ ಸಮೀಪಿಸುವುದು. ಆದುದರಿಂದ ಎರಡಕ್ಕೂ ಸೂತ್ರ ಒಂದೇ:

ಘನಫಲ = 1/3 × ತಳದ ಕ್ಷೇತ್ರಫಲ × ಎತ್ತರ

ಗ್ರೀಸಿನಲ್ಲಿ ಈ ಸತ್ಯವನ್ನು ಮೊದಲು ಹೇಳಿದವನು ಡೆಮೊಕ್ರಿಟಸ್, ಸಾಧಿಸಿದವನು ಯೂಡಾಕ್ಸಸ್ ಎಂದು ಆರ್ಕಿಮಿಡೀಸನು ಬರೆದಿದ್ದಾನೆ. ನಮ್ಮ ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ 'ಲೀಲಾವತಿ'ಯಲ್ಲಿ ಧಾನ್ಯದ ರಾಶಿಗೆಂದೇ ಒಂದು ಪ್ರಕರಣವಿದೆ. ರಾಶಿಯ ತಳದ ನಡುಬಿಂದು ಕಾಳಿನಡಿಯಲ್ಲಿ ಹುದುಗಿರುವುದರಿಂದ ತ್ರಿಜ್ಯವನ್ನು ನೇರವಾಗಿ ಅಳೆಯಲಾಗದು, ಸುತ್ತಳತೆಯನ್ನು ಅಳೆಯಬಹುದು. ಆದುದರಿಂದ ಅವರು, ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗಮಾಡಿ ಎತ್ತರದಿಂದ ಗುಣಿಸಿರಿ ಎಂದರು. ಗೋಡೆಗೆ ಆತ ರಾಶಿಗೂ ಮೂಲೆಯಲ್ಲಿರುವ ರಾಶಿಗೂ ಅಲ್ಲಿ ಬೇರೆ ವಿಧಾನಗಳುಂಟು.

ಒಂದು ರಾಶಿಯ ಸುತ್ತಳತೆ 6.6 ಮೀಟರ್, ಎತ್ತರ 0.7 ಮೀಟರ್ ಇರಲಿ. ವೃತ್ತದ ಸುತ್ತಳತೆಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು 22/7 ಎಂದಿಟ್ಟುಕೊಂಡರೆ ತ್ರಿಜ್ಯವು 1.05 ಮೀಟರ್, ತಳದ ಕ್ಷೇತ್ರಫಲವು 3.465 ಚದರ ಮೀಟರ್. ಇದನ್ನು 0.7ರಿಂದ ಗುಣಿಸಿ 3ರಿಂದ ಭಾಗಿಸಿದರೆ 0.8085 ಘನ ಮೀಟರ್, ಅಂದರೆ 808½ ಲೀಟರ್. ಭಾಸ್ಕರರ ರೀತಿಯಲ್ಲಿ 1.1 × 1.1 × 0.7 = 0.847, ಅಂದರೆ 847 ಲೀಟರ್. ಕಣದ ವ್ಯವಹಾರಕ್ಕೆ ಸುಲಭವಾಗಲೆಂದು ಈ ರೀತಿಯು ಆ ಪ್ರಮಾಣವನ್ನು 3 ಎಂದು ಹಿಡಿಯುತ್ತದೆ. ಅದರಿಂದ ಇಪ್ಪತ್ತೊಂದರಲ್ಲಿ ಒಂದು ಪಾಲಿನಷ್ಟು ಹೆಚ್ಚು ಬರುತ್ತದೆ. ಆದರೆ ಶಂಕುವು ಸಿಲಿಂಡರಿನ ಅರ್ಧವೆಂದು ತಿಳಿದವನಿಗೆ ಬರುವ ಉತ್ತರ ಸುಮಾರು 1,213 ಲೀಟರ್! ಇಲ್ಲದ ನಾನೂರು ಲೀಟರ್ ಜೋಳವನ್ನು ಅವನು ಇದೆಯೆಂದು ನಂಬುವನು. ಕಣ್ಣಂದಾಜಿನಿಂದ ರಾಶಿ ಕೊಳ್ಳುವವನಿಗೆ ಇದು ಎಷ್ಟು ದೊಡ್ಡ ನಷ್ಟವೆಂಬುದನ್ನು ಪಾಲಕರೇ ಊಹಿಸಬಲ್ಲರು.

ವಿದ್ಯಾರ್ಥಿಗಳೇ, ಈ ಸುಗ್ಗಿಯಲ್ಲಿ ಹಿರಿಯರೊಡನೆ ಕಣಕ್ಕೆ ಹೋಗಿರಿ. ಹಗ್ಗದಿಂದ ರಾಶಿಯ ಸುತ್ತಳತೆಯನ್ನೂ, ತುದಿಯಿಂದ ನೆಲದವರೆಗೆ ನೆಟ್ಟಗೆ ಇಳಿಸಿದ ಕೋಲಿನಿಂದ ಎತ್ತರವನ್ನೂ ಅಳೆಯಿರಿ. ಒಂದು ಲೀಟರ್ ಜೋಳವನ್ನು ತೂಗಿ, ಇಡೀ ರಾಶಿಯ ತೂಕವನ್ನು ಲೆಕ್ಕ ಹಾಕಿ ಬರೆದಿಡಿರಿ. ಚೀಲಗಳನ್ನು ತೂಗಿದ ಮೇಲೆ ನಿಮ್ಮ ಉತ್ತರದೊಡನೆ ಹೋಲಿಸಿ ನೋಡಿರಿ. ಅಂತರವು ಅಲ್ಪವಾಗಿದ್ದರೆ ಪಾಠವು ನಿಮಗೆ ತಿಳಿದಂತಾಯಿತು. ಹೆಚ್ಚಾಗಿದ್ದರೆ ತಪ್ಪು ಅಳತೆಯಲ್ಲಿದೆಯೋ ಲೆಕ್ಕದಲ್ಲಿದೆಯೋ ಎಂಬುದನ್ನು ನೀವೇ ಹುಡುಕಿರಿ.