ಅಗೆಯುವ ಮುನ್ನ ಭೂಮಿಯ ನಾಡಿಪರೀಕ್ಷೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರು ರಜಾದಿನದಲ್ಲಿ ನೋಡಿಬರಬಹುದಾದ ಕಾನ್ಹೇರಿ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ, 9ನೆಯ ಶತಮಾನದ ಶಾಸನಗಳಿವೆ. ಅಲ್ಲಿಯ ಬೌದ್ಧವಿಹಾರವು ಬಂಡೆಯಲ್ಲಿ ಕೊರೆದುದಾದ ಕಾರಣ ಭಿಕ್ಷುಗಳ ಕೋಣೆಗಳೂ ನೀರಿನ ತೊಟ್ಟಿಗಳೂ ಇಂದಿಗೂ ಉಳಿದಿವೆ. ಕಟ್ಟಿ ನಿಲ್ಲಿಸಿದ ಮಠಗಳಿಗೆ ಈ ಭಾಗ್ಯ ದೊರೆಯುವುದು ಅಪರೂಪ.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯಮಠವು ಇದಕ್ಕೆ ನಿದರ್ಶನ. 1162ರ ಶಾಸನವು ಈ ಕಾಳಾಮುಖ ಮಠವನ್ನು ವೇದಶಾಸ್ತ್ರಗಳ ವಿದ್ಯಾಸ್ಥಾನವೆಂದೂ, ದೀನರಿಗೂ ಅಂಗವಿಕಲರಿಗೂ ಅನ್ನವೀಯುವ ಸ್ಥಾನವೆಂದೂ, ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಾನವೆಂದೂ ಬಣ್ಣಿಸುತ್ತದೆ. ಇಂದು ಅಲ್ಲಿ ಎದ್ದು ಕಾಣುವುದು ಕೇದಾರೇಶ್ವರ ದೇವಾಲಯ. ಹಾಗಾದರೆ ಪಾಠ ನಡೆದ, ಅಡುಗೆ ಬೆಂದ, ರೋಗಿಗಳು ಮಲಗಿದ ಕಟ್ಟಡಗಳು ಎಲ್ಲಿದ್ದವು?

ಗುದ್ದಲಿಯೇ ಉತ್ತರ ಹೇಳೀತೆಂದು ಭಾವಿಸುವುದು ಸಹಜ. ಆದರೆ ಉತ್ಖನನವು ಶಸ್ತ್ರಚಿಕಿತ್ಸೆಯಂತೆ. ಒಮ್ಮೆ ತೆಗೆದ ಮಣ್ಣಿನ ಪದರವನ್ನು ಮರಳಿ ಜೋಡಿಸಲಾಗದು. ವೈದ್ಯನು ಕತ್ತಿ ಹಿಡಿಯುವ ಮುನ್ನ ಕ್ಷಕಿರಣ ಚಿತ್ರ ನೋಡುವಂತೆ, ಪುರಾತತ್ತ್ವಜ್ಞನು ಅಗೆಯುವ ಮುನ್ನ ಭೂಭೌತ ಸಮೀಕ್ಷೆ ಮಾಡುತ್ತಾನೆ.

ಇದರಲ್ಲಿ ಮೂರು ವಿಧಾನಗಳು ಮುಖ್ಯ. ಮೊದಲನೆಯದು ವಿದ್ಯುತ್ ರೋಧದ ಅಳತೆ. ನೆಲಕ್ಕೆ ಸಲಾಕೆಗಳನ್ನು ಚುಚ್ಚಿ ಅಲ್ಪ ವಿದ್ಯುತ್ತನ್ನು ಹರಿಸಿದರೆ ತೇವದ ಮಣ್ಣು ಅದನ್ನು ಸುಲಭವಾಗಿ ಬಿಡುತ್ತದೆ, ಹೂತ ಕಲ್ಲುಗೋಡೆ ತಡೆಯುತ್ತದೆ. ಇಂಗ್ಲೆಂಡಿನ ರಿಚರ್ಡ್ ಆಟ್ಕಿನ್ಸನ್ 1946ರಲ್ಲಿ ಇದನ್ನು ಪುರಾತತ್ತ್ವಕ್ಕೆ ಬಳಸಿದರು. ಎರಡನೆಯದು ಕಾಂತಮಾಪನ. ಬೆಂದ ಮಣ್ಣು ತಣ್ಣಗಾಗುವಾಗ ಕಾಂತತ್ವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಲೆ, ಆವಿಗೆಗಳ ಜಾಗ ತಿಳಿಯುತ್ತದೆ. ಅನ್ನದಾನದ ಮಠದಲ್ಲಿ ಪಾಕಶಾಲೆಯನ್ನು ಅರಸಲು ಇದು ತಕ್ಕ ಸಾಧನ. ಮೂರನೆಯದು ರಾಡಾರ್. ನೆಲದೊಳಗೆ ಕಳುಹಿದ ರೇಡಿಯೋ ಅಲೆಗಳು ಮರಳಿ ಬರುವ ವೇಳೆಯಿಂದ ಅವಶೇಷದ ಆಳವನ್ನು ಅಂದಾಜು ಮಾಡಬಹುದು.

ನೆಲವನ್ನು ಚೌಕಗಳಾಗಿ ವಿಭಾಗಿಸಿ, ಸಾಲುಸಾಲಾಗಿ ನಡೆದು, ಅಳತೆಗಳನ್ನು ಗುರುತಿಸಿದಾಗ ಗೋಡೆಗಳ ನಕ್ಷೆ ಮೂಡುತ್ತದೆ. ಇಂಗ್ಲೆಂಡಿನ ಲಿಂಡಿಸ್ಫಾರ್ನ್ ದ್ವೀಪದಲ್ಲಿ, 635ರಲ್ಲಿ ಸ್ಥಾಪಿತವಾದ ಕ್ರೈಸ್ತಮಠದ ಕುರುಹುಗಳನ್ನು ಅರಸಿ 2012ರಲ್ಲಿ ಇಂತಹ ಸಮೀಕ್ಷೆ ನಡೆಯಿತು. 2016ರಲ್ಲಿ ಆರಂಭವಾದ ಉತ್ಖನನದಲ್ಲಿ ಪ್ರಾಚೀನ ಸ್ಮಶಾನವೊಂದು ಬೆಳಕಿಗೆ ಬಂದಿತು.

ಈ ವಿಧಾನಗಳಿಗೆ ಮಿತಿಗಳೂ ಇವೆ. ಠಾಣೆಯ ಸುತ್ತಲಿನ ಕಪ್ಪು ಅಗ್ನಿಶಿಲೆಯೂ ಮಲೆನಾಡಿನ ಕೆಮ್ಮಣ್ಣಿನ ಕಬ್ಬಿಣಾಂಶವೂ ಕಾಂತಮಾಪಕವನ್ನು ತಪ್ಪುದಾರಿಗೆಳೆಯಬಹುದು. ಹಸಿ ಜೇಡಿಯು ರಾಡಾರ್ ಅಲೆಗಳನ್ನು ನುಂಗುತ್ತದೆ. ಗೋಡೆ ಯಾವ ಶತಮಾನದ್ದೆಂದು ಯಂತ್ರ ಹೇಳದು. ಅದಕ್ಕೆ ಶಾಸನದ ಅಧ್ಯಯನವೂ, ಆಯ್ದ ಸ್ಥಳದಲ್ಲಿ ಸಣ್ಣ ಉತ್ಖನನವೂ ಬೇಕು.

ಆದರೆ ಪರೀಕ್ಷೆಗೆ ರೋಗಿಯು ಉಳಿದಿರಬೇಕಲ್ಲವೆ? ಮುಂಬಯಿಯ ದುಡಿಮೆಯ ಉಳಿತಾಯದಿಂದ ಊರಿನಲ್ಲಿ ಮನೆ ಕಟ್ಟಿಸುವಾಗ ತಳಪಾಯದಲ್ಲಿ ಹಳೆಯ ಇಟ್ಟಿಗೆಯ ಸಾಲೋ ಕೆತ್ತಿದ ಕಲ್ಲೋ ಕಂಡರೆ, ಕೆಲಸವನ್ನು ಒಂದು ದಿನ ನಿಲ್ಲಿಸಿ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಆ ಒಂದು ದಿನದ ತಾಳ್ಮೆಯಿಂದ, ಎಂಟುನೂರು ವರ್ಷಗಳ ಹಿಂದೆ ರೋಗಿಯೊಬ್ಬನು ಮಲಗಿ ಗುಣಮುಖನಾದ ಜಗಲಿಯೇ ಉಳಿದೀತು.