ಕಮಲಾಪುರದ ಮೆಟಡೋರ್: ಕಂಪನಿಯದ್ದು ಯಾವುದು, ಊರಿನದ್ದು ಯಾವುದು

ಹಳೆಯ ವ್ಯಾನ್ ರಿಪೇರಿಗೆ ಕೈ ಹಾಕುವವರು ಮೊದಲು ಎಂಜಿನ್ನಿಗೆ ಹೆದರುತ್ತಾರೆ. ಮೆಟಡೋರಿನ ಮಟ್ಟಿಗೆ ಆ ಹೆದರಿಕೆಗೆ ಕಾರಣವಿಲ್ಲ. ಎಂಬತ್ತರ ದಶಕದಲ್ಲಿ ಬಜಾಜ್ ಟೆಂಪೋ ಕಂಪನಿ ಡೈಮ್ಲರ್-ಬೆಂಜ್ ಪರವಾನಗಿಯ ಮೇಲೆ ತಯಾರಿಸಿದ ಓಎಂ 616 ಡೀಸೆಲ್ ಎಂಜಿನ್ ಮುಂದೆ ಅದೇ ಕಂಪನಿಯ ಟ್ರ್ಯಾಕ್ಸಿಗೂ ಬಂತು, ಟ್ರಾವೆಲರಿಗೂ ಬಂತು. ಹಾಗಾಗಿ ಅದರ ರಿಂಗು, ಬೇರಿಂಗು, ಗ್ಯಾಸ್ಕೆಟ್ಟಿಗೆ ಕಲಬುರಗಿಯಲ್ಲಿ ಇವತ್ತಿಗೂ ಪರದಾಡಬೇಕಿಲ್ಲ. ಡೀಸೆಲ್ ಪಂಪು ಬೆಂಗಳೂರಿನ ಮೈಕೋದ್ದು, ಅದನ್ನು ಬಿಚ್ಚಿ ಹೊಂದಿಸಬಲ್ಲ ಕೈಗಳೂ ಇವೆ. ನಿಜವಾಗಿ ಕಾಡುವುದು ಸಣ್ಣ ಸಾಮಾನು: ಕಿಟಕಿಯ ರಬ್ಬರ್ ಬೀಡಿಂಗ್, ಹಿಂಬಾಗಿಲ ಒಳಹಿಡಿ, ಮುಂಬಾಗಿಲ ಮೂಲೆಯ ಕ್ವಾರ್ಟರ್ ಗ್ಲಾಸು, ಪರದೆಯ ಸಳಿ, ಡ್ಯಾಶ್‌ಬೋರ್ಡಿನ ಗುಂಡಿ. ವ್ಯಾನಿಗೆ ಅದರ ಕಾಲದ ಮುಖ ಕೊಡುವುದೂ ಇವೇ.

ನಾನು ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಸಿ ನಿವೃತ್ತನಾದವನು. ಕಮಲಾಪುರದಲ್ಲಿ ನಮ್ಮ ಸೋದರಮಾವನ ಮನೆಯ ಮೆಟಡೋರು ಬಹಳ ಕಾಲ ಹಿತ್ತಲ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ಅದನ್ನು ಕಲಬುರಗಿಯ ಕಪನೂರಿಗೆ ತಂದು ಎಬ್ಬಿಸುವ ಕೆಲಸ ಹಿಡಿದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಗಾಡಿಗಳು ನಮ್ಮ ಭಾಗದ ಹಳ್ಳಿಗಳಲ್ಲಿ ಇನ್ನೂ ಉಳಿದಿವೆ, ದಿನ ಕಳೆದಂತೆ ಗುಜರಿಗೆ ಹೋಗುತ್ತಿವೆ. ಗುಜರಿಯವನು ಕಬ್ಬಿಣವನ್ನಷ್ಟೇ ತೂಗುತ್ತಾನೆ. ಬೀಡಿಂಗು, ಪರದೆಯ ಸಳಿಗೆ ಅವನ ತಕ್ಕಡಿಯಲ್ಲಿ ಜಾಗವಿಲ್ಲ.

ಮೆಟಡೋರ್ ಮೂಲದಲ್ಲಿ ಜರ್ಮನಿಯದು. ಹ್ಯಾಂಬರ್ಗಿನ ಟೆಂಪೋ ಕಾರ್ಖಾನೆ 1949ರಿಂದ ಆ ಹೆಸರಿನ ವ್ಯಾನ್ ಮಾರುತ್ತಿತ್ತು. ಅದರ ಜೊತೆ ಕೈಜೋಡಿಸಿದ್ದ ಬಜಾಜ್ ಟೆಂಪೋ 1969ರ ಹೊತ್ತಿಗೆ ಪುಣೆಯ ಹತ್ತಿರದ ಆಕುರ್ಡಿಯಲ್ಲಿ ನಮ್ಮ ಮೆಟಡೋರನ್ನು ಹೊರತಂದಿತು. 2005ರಲ್ಲಿ ಆ ಕಂಪನಿಯ ಹೆಸರೇ ಫೋರ್ಸ್ ಮೋಟಾರ್ಸ್ ಆಯಿತು. ಈ ಗಾಡಿಯ ದೊಡ್ಡ ಗುಣ ಮುಂದಿನ ಚಕ್ರಗಳ ಎಳೆತ. ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲರ್ ಶಾಫ್ಟ್ ಇಲ್ಲದ್ದರಿಂದ ಒಳಗಿನ ನೆಲ ತಗ್ಗು, ಸಪಾಟು. ಮುದುಕರು ಆಸರೆಯಿಲ್ಲದೆ ಹತ್ತಬಹುದು, ಕಾಲು ಚಾಚಿ ಮಲಗಬಹುದು, ಟ್ರಂಕು ಇಟ್ಟರೂ ಅಲುಗದು. ಹೀಗಾಗಿ ನಮ್ಮ ಕಡೆ ಇದು ಜಾತ್ರೆಯ ಗಾಡಿಯಾಯಿತು. ಗಾಣಗಾಪುರ, ಹುಮನಾಬಾದಿನ ಮೇಲೆ ಹಾಯ್ದು ತುಳಜಾಪುರ, ಪಂಢರಪುರ. ಇಡೀ ಮನೆತನ, ರೊಟ್ಟಿ-ಶೇಂಗಾ ಹಿಂಡಿಯ ಬುತ್ತಿ, ಹಾಸಿಗೆ, ಸ್ಟೋವು, ನೀರಿನ ಕೊಡ ಎಲ್ಲವೂ ಒಂದೇ ಗಾಡಿಯೊಳಗೆ. ರಾತ್ರಿ ಹೆಂಗಸರು ಮಕ್ಕಳು ಒಳಗೆ, ಗಂಡಸರು ಮೇಲಿನ ಕ್ಯಾರಿಯರಿನಲ್ಲಿ ಚಾಪೆ ಹಾಸಿ. ಕ್ಯಾಂಪರ್ ವ್ಯಾನ್ ಎಂಬ ಮಾತು ಕೇಳದೆಯೇ ನಮ್ಮವರು ಆ ಬದುಕನ್ನು ಬದುಕಿದ್ದರು.

ಯುರೋಪಿನಲ್ಲಿ ಇಂಥ ಗಾಡಿಗಳ ಹುಡುಕಾಟ ದೊಡ್ಡ ಶಾಸ್ತ್ರವಾಗಿ ಬೆಳೆದಿದೆ. ಫೋಕ್ಸ್‌ವ್ಯಾಗನ್ ತನ್ನ ವ್ಯಾನನ್ನು 1950ರಲ್ಲಿ ತಯಾರಿಸತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಇಡುವ ಮಲಗುವ-ಅಡುಗೆಯ ಪೆಟ್ಟಿಗೆಯನ್ನು ಮಾಡಿತು. ಮುಂದೆ ಎಸ್‌ಓ 23, ಎಸ್‌ಓ 42 ಎಂಬ ಸಂಖ್ಯೆಗಳಡಿ ಪೂರ್ಣ ಸಜ್ಜಾದ ಗಾಡಿಗಳೇ ಬಂದವು. ಇಂಗ್ಲೆಂಡಿನ ಫೋಕ್‌ಸ್ಟನ್ನಿನ ಮಾರ್ಟಿನ್ ವಾಲ್ಟರ್ ಕಂಪನಿ ಡಾರ್ಮೊಬೈಲ್ ಹೆಸರಿನಲ್ಲಿ ಮೇಲೆತ್ತುವ ಛಾವಣಿ ಕೂರಿಸಿತು. ಮೇಲಕ್ಕೆ ತೆರೆಯುವ ಮುಂದಿನ ಸಫಾರಿ ಗಾಜು, ಪೆಟ್ರೋಲ್ ಹೀಟರು, ಪಟ್ಟಿಪಟ್ಟಿಯಾಗಿ ತೆರೆಯುವ ಜಾಲೂಸಿ ಕಿಟಕಿ, ಇವೆಲ್ಲ ಕೇಳಿದವರಿಗಷ್ಟೇ ಕಾರ್ಖಾನೆ ಕೂರಿಸಿಕೊಡುತ್ತಿದ್ದ ವಿಶೇಷಗಳು. ಯಾವ ಗಾಡಿಗೆ ಯಾವುದು ಹತ್ತಿತ್ತು ಎಂಬುದಕ್ಕೆ ಮುಂದಿನ ಸೀಟಿನ ಹಿಂದೆ ಸಂಕೇತಸಂಖ್ಯೆ ಒತ್ತಿದ ಚಿಕ್ಕ ತಗಡು ಇರುತ್ತದೆ. ಅದನ್ನು ಓದಿದರೆ ಗಾಡಿಯ ಜಾತಕ ಕೈಗೆ ಬರುತ್ತದೆ.

ನಮ್ಮ ಮೆಟಡೋರಿನಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ಪಂಪಿನ ತಗಡು ಸಿಕ್ಕವು. ಕ್ಯಾರಿಯರು, ಬೆಂಚು, ಪರದೆ, ಫ್ಯಾನು, ನೀರಿನ ಕೊಕ್ಕೆ, ಯಾವುದಕ್ಕೂ ಬರಹವಿಲ್ಲ. ಗಾಡಿ ಊರಿಗೆ ಬಂದ ಮೇಲೆ ಮಿಸ್ತ್ರಿ, ಬಡಿಗ, ರೆಗ್ಜಿನ್ ಹೊಲಿಯುವವರು ಸೇರಿ ಅವನ್ನು ಕೂರಿಸಿದ್ದರು. ಹಾಗಾದರೆ ಯಾವುದು ಅಸಲಿ? ಆಕುರ್ಡಿಯಲ್ಲಿ ಕೂರಿಸಿದ್ದು ಮಾತ್ರ ಅಸಲಿ ಎಂದರೆ ಈ ಗಾಡಿಯ ಅರ್ಧ ಬದುಕನ್ನೇ ಕಿತ್ತು ಎಸೆಯಬೇಕಾಗುತ್ತದೆ. ಆ ಕಾಲದಲ್ಲಿ, ಈ ಊರಿನಲ್ಲಿ, ಈ ಬಳಕೆಗೆ ಕೂರಿಸಿದ್ದಕ್ಕೆ ಕಾರ್ಖಾನೆಯ ಸಾಮಾನಿನಷ್ಟೇ ಬೆಲೆಯಿದೆ ಎಂಬುದು ನನ್ನ ಖಚಿತ ನಿಲುವು. ಹಾಗಂತ ಎರಡನ್ನೂ ಕಲಸಬಾರದು. ಯಾವುದು ಎಲ್ಲಿಯದು, ಯಾವಾಗಿನದು ಎಂದು ಬೇರೆಬೇರೆಯಾಗಿ ಗುರುತಿಸಿಯೇ ಉಳಿಸಬೇಕು.

ಗುರುತಿಸುವುದನ್ನು ನನಗೆ ಕಲಿಸಿದವರು ಕಪನೂರಿನ ಒಬ್ಬ ಹಿರಿಯ ಉಸ್ತಾದರು. ಡೆಂಟಿಂಗ್ ಕೆಲಸದಲ್ಲಿ ಕೂದಲು ಬೆಳ್ಳಗಾದವರು. "ಸಾಮಾನ ಆಮ್ಯಾಲ ನೋಡ್ರಿ ಸರ್ರ, ಮೊದಲ ತೂತ ನೋಡ್ರಿ" ಅಂದರು. ಕಾರ್ಖಾನೆಯಲ್ಲಿ ತೂತು ಬೀಳುವುದು ಬಣ್ಣಕ್ಕಿಂತ ಮೊದಲು. ಅದರ ಅಂಚು ನುಣುಪು, ಅಂಚಿನ ಒಳಗೂ ಪ್ರೈಮರು, ಅದರ ಮೇಲೆ ಬಣ್ಣ. ಊರಿನಲ್ಲಿ ಡ್ರಿಲ್ ಹಾಕಿದ್ದು ಬಣ್ಣದ ನಂತರ. ಅಂಚಿನಲ್ಲಿ ಬರಿ ತಗಡು, ಸುತ್ತ ತುಕ್ಕಿನ ಉಂಗುರ, ಹಿಂಬದಿಯಲ್ಲಿ ಬೆರಳಿಗೆ ತಾಗುವ ಮುಳ್ಳು. ಬೆಸುಗೆಯೂ ಹಾಗೆಯೇ ಮಾತಾಡುತ್ತದೆ. ಕಂಪನಿಯದು ಸಮ ಅಂತರದ ಗುಂಡು ಸ್ಪಾಟ್ ಗುರುತು, ನಮ್ಮ ಕಡೆಯದು ಗ್ಯಾಸಿನಲ್ಲಿ ಹರಿಸಿದ ಹಿತ್ತಾಳೆ ಇಲ್ಲವೇ ಆರ್ಕಿನ ಉದ್ದ ಗೆರೆ. ಬಾಗಿಲ ಸಂದಿಯಲ್ಲಿ ವಾಟರ್ ಪೇಪರಿನಿಂದ ಮೆಲ್ಲಗೆ ಉಜ್ಜಿದರೆ ಬಣ್ಣದ ಪದರಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಪರದೆಯ ಸಳಿಯ ಸ್ಕ್ರೂ ಯಾವ ಪದರದ ಕೆಳಗಿದೆ ಎಂದು ನೋಡಿದರೆ ಅದು ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ನಮ್ಮ ಗಾಡಿಯ ಸಳಿ ಮೊದಲ ಬಣ್ಣದ ಮೇಲೆ, ಎರಡನೆಯದರ ಕೆಳಗೆ ಕೂತಿತ್ತು.

ತೂತುಗಳು ಹೇಳದ್ದನ್ನು ಮನೆಯ ಆಲ್ಬಮ್ ಹೇಳಿತು. ಗಾಡಿಯ ಚಿತ್ರ ಬೇಕು ಎಂದರೆ ಇಲ್ಲ ಎನ್ನುತ್ತಾರೆ. ಜಾತ್ರೆಯ, ಮದುವೆಯ, ಜವಳದ ಫೋಟೊ ತೋರಿಸಿ ಎಂದು ಕೇಳಬೇಕು. ಮನುಷ್ಯರ ಬೆನ್ನ ಹಿಂದೆ ಗಾಡಿ ನಿಂತಿರುತ್ತದೆ. ತುಳಜಾಪುರದಲ್ಲಿ ತೆಗೆದ ಒಂದು ಗುಂಪು ಫೋಟೊದಲ್ಲಿ ಅತ್ತೆಯವರ ಹೆಗಲಾಚೆ ಕ್ಯಾರಿಯರಿನ ಏಣಿ, ಕಿಟಕಿಯ ಹೂವಿನ ಪರದೆ, ಬಂಪರಿಗೆ ತೂಗಿದ ಚಾಗಲ್ ಸ್ಪಷ್ಟವಾಗಿ ಕಂಡವು. "ಆ ಚಾಗಲ್ ಅಟ್ಟದ ಮ್ಯಾಲ ಇರಬೇಕು ನೋಡೋ" ಎಂದರು ಅತ್ತೆ. ಇತ್ತು, ಜೋಳದ ಚೀಲಗಳ ಹಿಂದೆ.

ಚಾಗಲ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ದಪ್ಪ ಕ್ಯಾನ್ವಾಸಿನ ನೀರಿನ ಚೀಲ ಅದು. ಜೀಪು, ಲಾರಿ, ವ್ಯಾನುಗಳ ಮುಂದೆ ನೇತಾಡುತ್ತಿತ್ತು. ಬಟ್ಟೆಯ ಎಳೆಗಳ ಮೂಲಕ ನೀರು ಹೊರಗೆ ಜಿನುಗಿ ಗಾಳಿಗೆ ಆವಿಯಾಗುತ್ತದೆ, ಆವಿಯಾಗುವಾಗ ಉಳಿದ ನೀರಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಗಾಳಿ ಎಷ್ಟು ಒಣಗಿದ್ದರೆ ಅಷ್ಟು ಚೆನ್ನಾಗಿ ತಣಿಯುತ್ತದೆ. ಅದಕ್ಕೇ ಇದು ಕರಾವಳಿಯ ತೇವದ ಸೆಕೆಗಿಂತ ಉಷ್ಣತೆ 42 ಡಿಗ್ರಿ ದಾಟುವ ಕಲಬುರಗಿಯ ಬೇಸಗೆಗೆ ಒಗ್ಗುವ ವಸ್ತು. ಗಾಡಿ ಓಡಿದಂತೆ ಗಾಳಿ ಬಡಿದು ನೀರು ಇನ್ನೂ ತಂಪು. ಒಣಗಿ ಬಿದ್ದಿದ್ದ ಚಾಗಲಿಗೆ ನೀರು ತುಂಬಿದಾಗ ಮೊದಲು ಧಾರೆಯಾಗಿ ಸೋರುತ್ತದೆ. ಕೆಟ್ಟಿದೆ ಎಂದು ಬಿಸಾಡಬಾರದು. ರಾತ್ರಿಯಿಡೀ ನೀರಲ್ಲಿ ನೆನೆಹಾಕಿದರೆ ಎಳೆಗಳು ಉಬ್ಬಿ ತೂತು ಮುಚ್ಚಿಕೊಳ್ಳುತ್ತವೆ. ಅಮೆರಿಕದ ಮರುಭೂಮಿ ಸೀಮೆಯಲ್ಲಿ ಇದೇ ತತ್ವದ ಕೂಲರುಗಳನ್ನು ಕಾರು-ವ್ಯಾನುಗಳ ಕಿಟಕಿಗೆ ಸಿಕ್ಕಿಸುತ್ತಿದ್ದರು. ಇಂದು ಅವು ಸಂಗ್ರಾಹಕರು ಹುಡುಕಿ ಕೊಳ್ಳುವ ವಸ್ತು. ನಮ್ಮ ಚಾಗಲಿಗೂ, ಕಿಟಕಿಗೆ ಹೊಂದುವ ಕಟ್ಟಿಗೆ ಚೌಕಟ್ಟಿನಲ್ಲಿ ಕಟ್ಟಿದ ಖಸ್ ತಟ್ಟಿಗೂ ಅಂಥ ಮರ್ಯಾದೆ ಸಲ್ಲಬೇಕು. ಮೆಟಡೋರಿನಲ್ಲಿ ಎಂಜಿನ್ ಕೂರುವುದು ಮುಂದಿನ ಸೀಟುಗಳ ನಡುವೆ. ಅದರ ಕಾವೂ ಒಳಗೇ ಬರುತ್ತದೆ. ಹಾಗಾಗಿ ಎಂಜಿನ್ ಪೆಟ್ಟಿಗೆಯ ಒಳಮೈಗೆ ಹಚ್ಚುವ ಶಾಖನಿರೋಧಕ ಪದರ ಮತ್ತು ಗಾಳಿಯನ್ನು ತಿರುಗಿಸಿ ಒಳಗೆಳೆಯುವ ಕ್ವಾರ್ಟರ್ ಗ್ಲಾಸು, ಇವೆರಡಕ್ಕೇ ನಾನು ಮೊದಲು ದುಡ್ಡು ಹಾಕಿಸಿದೆ.

ಬಿಸಿಲು ಇಲ್ಲಿ ಇನ್ನೊಂದು ರೀತಿಯಲ್ಲೂ ಶತ್ರು. ಮಂಗಳೂರಿನ ಕಡೆ ಹಳೆ ಗಾಡಿಯನ್ನು ತುಕ್ಕು ತಿನ್ನುತ್ತದೆ, ನಮ್ಮಲ್ಲಿ ರಬ್ಬರನ್ನು ಬಿಸಿಲು ತಿನ್ನುತ್ತದೆ. ಬೀಡಿಂಗ್ ಬಿರಿದು ಪುಡಿಯಾಗುತ್ತದೆ, ಮೊದಲ ಮಳೆಗೆ ನೀರು ಗಾಜಿನ ಕೆಳಗಿಳಿದು ತಗಡಿನ ಚೌಕಟ್ಟಿನಲ್ಲಿ ನಿಲ್ಲುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ. ಎರೆ ಮಣ್ಣು ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡರೆ ದಿನಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ನೀರು ಹೊಡೆದು ತೆಗೆಯದೆ ಬಣ್ಣದ ಮಾತೇ ಬೇಡ. ಬೀಡಿಂಗ್ ಕೊಳ್ಳುವಾಗ ಗಾಡಿಯ ಹೆಸರು ಹೇಳಿ ಕೇಳಬೇಡಿ. ಹಳೆಯದರ ಚೆನ್ನಾಗಿರುವ ತುಂಡೊಂದನ್ನು ಅಡ್ಡ ಕತ್ತರಿಸಿ, ಅದರ ಸೀಳುನೋಟವನ್ನು ಕಾಗದದ ಮೇಲೆ ಬರೆದುಕೊಂಡು, ತುಂಡನ್ನೂ ಕೊಂಡೊಯ್ಯಿರಿ. ಗಾಜು ಹಿಡಿಯುವ ಸೀಳು ಒಂದು, ತಗಡು ಹಿಡಿಯುವ ಸೀಳು ಇನ್ನೊಂದು, ಎರಡರ ಅಳತೆ ಬೇರೆ. ಹೈದರಾಬಾದಿನಲ್ಲಾಗಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆ ಯಾವುದೋ ಬಸ್ಸಿಗೆ ಬರುವ ಬೀಡಿಂಗೇ ಸರಿಹೊಂದಬಹುದು. ಗಾಜಿನ ಮೂಲೆಯಲ್ಲಿ ಕೊರೆದ ತಯಾರಕರ ಗುರುತನ್ನು ಎಲ್ಲಾ ಗಾಜುಗಳಲ್ಲೂ ಹೋಲಿಸಿ ನೋಡಿದರೆ ಯಾವುದು ಬದಲಾಗಿದೆ ಎಂದು ತಿಳಿಯುತ್ತದೆ.

ಕ್ಯಾರಿಯರಿನ ವಿಷಯದಲ್ಲಿ ಮಾಮಾನಿಗೂ ನನಗೂ ದೊಡ್ಡ ಚರ್ಚೆಯೇ ಆಯಿತು. ಹಳೆಯದನ್ನು ಛಾವಣಿಗೆ ತೂತು ಹೊಡೆದು ಬೋಲ್ಟ್ ಹಾಕಿ ನಿಲ್ಲಿಸಿದ್ದರು. ನೀರು ಸೋರುತ್ತಿದ್ದುದೂ ಅಲ್ಲಿಂದಲೇ. ಛಾವಣಿಯ ಅಂಚಿನ ಮಳೆಗಾಲುವೆಗೆ ಕ್ಲ್ಯಾಂಪು ಹಿಡಿಸುವುದು ಒಳ್ಳೆಯ ಪದ್ಧತಿ, ಭಾರ ಗೋಡೆಗಳ ಮೇಲೆ ಇಳಿಯುತ್ತದೆ. "ಹಳೇದಂದ್ರ ಹಳೇದ ಇರಲಿ, ನೀ ಯಾಕ ಬದಲ ಮಾಡ್ತೀ?" ಎಂದು ಮಾಮಾ ಕೇಳಿದ್ದು ನ್ಯಾಯವಾದ ಪ್ರಶ್ನೆ. ಕೊನೆಗೆ ಅದೇ ಹಳೆಯ ಚೌಕಟ್ಟು, ಅದೇ ಏಣಿ ಇಟ್ಟು, ಕಾಲುಗಳಿಗೆ ಮಾತ್ರ ಕ್ಲ್ಯಾಂಪು ಮಾಡಿಸಿದೆವು. ಹಳೆ ತೂತುಗಳನ್ನು ರಬ್ಬರ್ ವಾಷರಿನ ಬೋಲ್ಟಿನಿಂದ ಮುಚ್ಚಿದ್ದೇವೆ, ಬೆಸೆದು ಅಳಿಸಿಲ್ಲ. ನೋಡಬಯಸುವವರಿಗೆ ಅವು ಕಾಣುತ್ತವೆ.

ಒಳಗಿನ ಬೆಂಚು ಸಾಗವಾನಿಯದು. ನಡುವಿನ ಹಲಗೆ ಇಳಿಸಿದರೆ ಹಾಸಿಗೆ, ಎತ್ತಿದರೆ ಸಾಮಾನಿನ ಪೆಟ್ಟಿಗೆ. ಮೆತ್ತೆ ತೆಂಗಿನ ನಾರಿನದು, ಮೇಲೆ ರೆಗ್ಜಿನ್. ಈಗ ಎಲ್ಲರೂ ಫೋಮ್ ಹಾಕಿಸಲು ಹೇಳುತ್ತಾರೆ. ನಾರು ಗಾಳಿಯಾಡುತ್ತದೆ, ಫೋಮ್ ಬೆವರು ಹಿಡಿಯುತ್ತದೆ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅದರ ಮೇಲೆ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 12 ವೋಲ್ಟಿನ ಫ್ಯಾನು, ಓದುವ ದೀಪಗಳ ತಂತಿಯನ್ನು ಮಾತ್ರ ಪೂರಾ ಹೊಸದಾಗಿ ಎಳೆಸಿದೆ, ಒಂದೊಂದಕ್ಕೂ ಬೇರೆ ಫ್ಯೂಸಿನೊಂದಿಗೆ. ಹಳೆ ತಂತಿಯ ಹೊದಿಕೆ ಒಡೆದಿದ್ದರೆ ಹಳೆಯದೆಂಬ ಪ್ರೀತಿ ಅಲ್ಲಿ ಸಲ್ಲದು. ಫೋಟೊದಲ್ಲಿ ಕಂಡ ನೂತನ್ ಸ್ಟೋವನ್ನು ಎಂದಿನಂತೆ ಗಾಡಿಯ ಹೊರಗೆ, ನೆರಳಿನಲ್ಲಿ ಹಚ್ಚುವುದು. ಮುಚ್ಚಿದ ವ್ಯಾನಿನಲ್ಲಿ ಸೀಮೆಎಣ್ಣೆಯ ಹೊಗೆ ಉಸಿರು ಕಟ್ಟಿಸುತ್ತದೆ, ಅಡುಗೆ ಅನಿಲವಂತೂ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತುಂಬಿಕೊಳ್ಳುತ್ತದೆ.

ಸಾಮಾನು ಮಾರುವವರ ಬಗ್ಗೆ ಒಂದು ಎಚ್ಚರಿಕೆ. ಗಾಡಿಯ ಹೆಸರಿನ ಬಿಲ್ಲೆಗಳನ್ನು ಹೊಸದಾಗಿ ಎರಕ ಹೊಯ್ದು ಹಳೆಯವೆಂದು ಮಾರುವವರಿದ್ದಾರೆ. ಅಂಥದೊಂದು ನನ್ನ ಮುಂದೆಯೂ ಬಂತು. ಹಿಂಬದಿ ತಿರುಗಿಸಿದರೆ ಬಯಲಾಗುತ್ತದೆ: ವರ್ಷಗಟ್ಟಲೆ ಗಾಡಿಗೆ ಅಂಟಿದ್ದ ಬಿಲ್ಲೆಯ ಬೆನ್ನಿಗೆ ಧೂಳು, ಬಣ್ಣದ ತುಣುಕು, ಮೊಳೆಯ ಸವೆತ ಇರಲೇಬೇಕು.

ಕಾಗದಪತ್ರವೂ ಕೆಲಸದ ಭಾಗ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಒತ್ತಿ ಹೇಳಿತು. ಸೀಟು ತೆಗೆದು ಹಾಸಿಗೆ ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. 2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಚಾಸಿ, ದೇಹ, ಎಂಜಿನ್ ಮೂಲರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮ್ಮ ಗಾಡಿಗೆ ಇನ್ನೂ ಆ ವಯಸ್ಸಾಗಿಲ್ಲ. ಆದರೆ ಎಪ್ಪತ್ತರ ದಶಕದ ಮೊದಲ ಮೆಟಡೋರುಗಳು ಈಗ ಆ ಗೆರೆಗೆ ಬಂದು ನಿಂತಿವೆ. ಅಂಥವನ್ನು ಇಟ್ಟುಕೊಂಡವರು ಇವತ್ತು ಎಂಜಿನ್ ಬದಲಿಸಿದರೆ ನಾಳೆ ಆ ಸಂಖ್ಯೆ ಕೈತಪ್ಪುತ್ತದೆ.

ಎಲ್ಲಾ ಸಾಮಾನುಗಳಿಗೂ ಒಂದು ವಹಿ ಮಾಡಿದ್ದೇನೆ. ಕಂಪನಿಯದು, ಊರಿನದು, ಈಗ ಮಾಡಿಸಿದ್ದು ಎಂದು ಮೂರು ಪಟ್ಟಿ, ಪ್ರತಿಯೊಂದಕ್ಕೂ ಕಿತ್ತ ಮೊದಲಿನ ಫೋಟೊ. ಹೊಸದಾಗಿ ಮಾಡಿಸಿದ ಲೋಹದ ಭಾಗಗಳ ಹಿಂಬದಿಗೆ ಇಸವಿಯ ಪಂಚು ಹೊಡೆಸಿದ್ದೇವೆ, ಮುಂದೆ ಯಾರೂ ಅದನ್ನು ಹಳೆಯದೆಂದು ನಂಬಬಾರದು ಎಂದು. ಹಿಂಬಾಗಿಲ ಒಳಹಿಡಿ ಇನ್ನೂ ಸಿಕ್ಕಿಲ್ಲ. ಉಸ್ತಾದರು ಹಿತ್ತಾಳೆಯಲ್ಲಿ ಮಾಡಿಕೊಡುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ಹುಮನಾಬಾದಿನ ಕಡೆಯ ಹಳೇ ಗಾಡಿಯೊಂದರಲ್ಲಿ ಅಂಥದೇ ಇದೆಯೆಂದು ಸುದ್ದಿ ಬಂದಿದೆ, ಈ ವಾರ ಹೋಗಿ ಅಳತೆ ತರಬೇಕು.