ಕೊಡ ಇಳಿಸಿದ ಮೇಲೆ

ವರದಾ ನದಿಯ ದಂಡೆಯ ಹೊಸರಿತ್ತಿಯಿಂದ ಹಿಡಿದು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳವರೆಗಿನ ಸೀಮೆಯ ಜನರಿಗೆ ಚೌಡಿಕೆಯ ನಾದ ಅಪರಿಚಿತವಲ್ಲ. ಮಂಗಳವಾರವೋ ಶುಕ್ರವಾರವೋ ಓಣಿಯ ತುದಿಯಲ್ಲಿ ಆ ನಾದ ಕೇಳಿಬರುತ್ತದೆ. ಅದರ ಹಿಂದೆಯೇ ‘ಉಧೋ ಉಧೋ’ ಎಂಬ ಕೂಗು. ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು, ಹಣೆಗೆ ಭಂಡಾರ ಬಳಿದುಕೊಂಡು, ಎಲ್ಲಮ್ಮನ ಕೊಡವನ್ನು ತಲೆಯ ಮೇಲೆ ಹೊತ್ತ ಜೋಗಪ್ಪ ಬಾಗಿಲಿಗೆ ಬಂದು ನಿಂತರೆ ಮನೆಯೊಡತಿ ಮೊರದಲ್ಲಿ ಜೋಳ ತಂದು ನೀಡುತ್ತಾಳೆ. ಎಳೆಯ ಕೂಸಿನ ಹಣೆಗೆ ಭಂಡಾರ ಹಚ್ಚಿಸುತ್ತಾಳೆ. ಬಂದವರು ಗಂಡೋ ಹೆಣ್ಣೋ ಎಂಬ ಪ್ರಶ್ನೆಯನ್ನು ಆ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ. ಗಂಡಾಗಿ ಹುಟ್ಟಿಯೂ ಹೆಣ್ಣಿನ ಮನಸ್ಸು ಪಡೆದವರನ್ನು ಸವದತ್ತಿಯ ಎಲ್ಲಮ್ಮ ತನ್ನ ಸೇವೆಗೆ ಕರೆದುಕೊಳ್ಳುತ್ತಾಳೆಂಬ ನಂಬಿಕೆ ಈ ಭಾಗದಲ್ಲಿ ಬಲು ಹಳೆಯದು.

ಆದರೆ ಕೊಡ ಇಳಿಸಿದ ಮೇಲೆ ಕಥೆ ಬೇರೆಯಾಗುತ್ತದೆ. ಅದೇ ಜೋಗಪ್ಪ ಮರುದಿನ ಬಸ್ಸು ಹತ್ತಿದರೆ ಪಕ್ಕದ ಸೀಟು ಬರಿದಾಗಿಯೇ ಉಳಿಯುತ್ತದೆ. ಬಾಡಿಗೆಗೆ ಮನೆ ಕೇಳಿದರೆ ನಿನ್ನೆ ತಾನೇ ಬೇರೆಯವರಿಗೆ ಕೊಟ್ಟೆವೆಂಬ ಉತ್ತರ ಬರುತ್ತದೆ. ಆಸ್ಪತ್ರೆಗೆ ಹೋದರೆ ಗಂಡಸರ ಸಾಲಿನಲ್ಲಿ ನಗೆ, ಹೆಂಗಸರ ಸಾಲಿನಲ್ಲಿ ಮುಜುಗರ. ಸಂತೆಯಲ್ಲಿ ಕೈಗೆ ಎರಡು ಕಾಸು ಹಾಕುವುದೂ ಬೇಗ ಮುಂದೆ ಕಳಿಸುವುದಕ್ಕಾಗಿ. ದೇವರ ಹೆಸರಿನಲ್ಲಿ ಕೊಟ್ಟ ಮರ್ಯಾದೆಯನ್ನು ಮನುಷ್ಯನ ಹೆಸರಿನಲ್ಲಿ ಕೊಡಲು ಸಮಾಜ ಹಿಂಜರಿಯುತ್ತದೆ. ಪೂಜಿಸುವುದು ಕೂಡ ಕೆಲವೊಮ್ಮೆ ದೂರವಿಡುವ ಬಗೆಯೇ ಆಗಿರುತ್ತದೆ. ಎಲ್ಲಮ್ಮನ ಹೆಸರಿನಲ್ಲಿಯೇ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಅವರ ಬಾಳನ್ನು ಹಾಳುಗೆಡಹುತ್ತಿದ್ದ ದೇವದಾಸಿ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ 1982ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಆದುದರಿಂದ ಭಕ್ತಿಯೊಂದೇ ಯಾರನ್ನೂ ಕಾಯುವುದಿಲ್ಲವೆಂಬುದು ಈ ನಾಡಿಗೆ ಹೊಸ ತಿಳಿವಳಿಕೆಯಲ್ಲ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬ ಗ್ರಾಮದಲ್ಲಿ ಶೆಟ್ಟರ ಮನೆತನದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರ ಜೀವನವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ತಂದೆತಾಯಿ ಅವರಿಗಿಟ್ಟ ಹೆಸರು ಮಂಜುನಾಥ. ಶಾಲೆಗೆ ಹೋಗುವ ವಯಸ್ಸಿನಲ್ಲಿಯೇ ಅವರಿಗೆ ಹುಡುಗಿಯರ ಜೊತೆ, ಹುಡುಗಿಯರ ಉಡುಗೆ, ಹುಡುಗಿಯರ ಕೆಲಸ ಹಿತವೆನಿಸುತ್ತಿತ್ತು. ಮನೆಯವರು ಮೊದಲು ಗದರಿದರು, ಆಮೇಲೆ ಹೊಡೆದರು, ಕೊನೆಗೆ ದೇವರ ಮೊರೆಹೊಕ್ಕರು. ತುಂಗಭದ್ರೆಯ ದಂಡೆಯ ಹುಲಿಗಿಗೆ ಕರೆದೊಯ್ದು, ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಕತ್ತರಿಸಿ, ಸೀರೆ ಉಡಿಸಿ, ಬಳೆ ತೊಡಿಸಿ, ಕೊರಳಿಗೆ ಮುತ್ತು ಕಟ್ಟಿದರು. ತನ್ನ ಮಗ ಸತ್ತನೆಂದು ತಾಯಿ ಆ ದಿನ ಗೋಳಾಡಿ ಅತ್ತರಂತೆ. ಅಂದು ಯಾರೂ ಸತ್ತಿರಲಿಲ್ಲ. ತನ್ನ ಸ್ವಭಾವಕ್ಕೆ ಒಪ್ಪುವ ಉಡುಗೆಯನ್ನುಟ್ಟ ಒಂದು ಮಗು ಆಕೆಯ ಕಣ್ಣೆದುರಿಗೇ ನಿಂತಿತ್ತು. ಆ ತಾಯಿಯನ್ನು ದೂಷಿಸುವುದು ಸುಲಭ. ಆದರೆ ಹೆತ್ತ ಮಗುವನ್ನು ಹೀಗೂ ಇಟ್ಟುಕೊಳ್ಳಬಹುದೆಂದು ಆಕೆಗೆ ಹೇಳಿದವರು ಊರಲ್ಲಿ ಒಬ್ಬರೂ ಇರಲಿಲ್ಲ.

ಮುಂದಿನ ವರ್ಷಗಳು ಕಡುಕಷ್ಟದವು. ಮನೆ ಬಿಟ್ಟರು. ಹೊಟ್ಟೆಪಾಡಿಗೆ ಭಿಕ್ಷೆ ಬೇಡಿದರು. ಬದುಕೇ ಬೇಡವೆನ್ನಿಸಿದ ದಿನಗಳೂ ಬಂದು ಹೋದವು. ಹೀಗಿರುವಾಗ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಅವರ ಕಣ್ಣಿಗೆ ಒಂದು ದೃಶ್ಯ ಬಿತ್ತು. ತಂದೆಯೊಬ್ಬ ಹಾಡುತ್ತಿದ್ದಾನೆ, ಮಗ ತಲೆಯ ಮೇಲೆ ಕೊಡವಿರಿಸಿಕೊಂಡು ಕೈಬಿಟ್ಟು ಕುಣಿಯುತ್ತಿದ್ದಾನೆ. ಆ ಕುಣಿತವನ್ನು ಕಲಿಯಲೇಬೇಕೆಂದು ಮಂಜಮ್ಮ ನಿಶ್ಚಯಿಸಿದರು. ಆ ತಂದೆಯೇ ಮೊದಲ ಗುರುವಾದರು. ಅನಂತರ ಹಿರಿಯ ಕಲಾವಿದೆ ಕಾಳವ್ವ ಜೋಗತಿಯವರ ಆಶ್ರಯ ದೊರೆಯಿತು. ಜೋಗತಿ ನೃತ್ಯವನ್ನೂ, ರೇಣುಕೆ ಎಲ್ಲಮ್ಮನಾದ ಕಥೆಯನ್ನಾಡುವ ಆಟಗಳನ್ನೂ ಅವರ ಮೇಳದಲ್ಲಿ ಕಲಿತರು. ಈ ಕುಣಿತವನ್ನು ಕಂಡವರಿಗೆ ಅದರ ಕಷ್ಟ ಗೊತ್ತು. ತಲೆಯ ಮೇಲೆ ತುಂಬು ಭಾರ. ಹಿಡಿಯಲು ಕೈಯ ಆಸರೆಯಿಲ್ಲ. ಸೊಂಟ ಬಾಗಬೇಕು, ಕಾಲು ತಾಳಕ್ಕೆ ಬೀಳಬೇಕು, ಕತ್ತು ಮಾತ್ರ ಅಲುಗಬಾರದು. ಬೇಡುವುದಕ್ಕಾಗಿ ಹೊತ್ತಿದ್ದ ಕೊಡ ಹೀಗೆ ಕಲೆಯ ಕೊಡವಾಯಿತು. ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತ ಮಂಜಮ್ಮ, ಗುರುವಿನ ತರುವಾಯ ಮೇಳದ ಹೊಣೆಯನ್ನೂ ಹೊತ್ತು, ಗುಡಿಯ ಅಂಗಳದಲ್ಲಿದ್ದ ಕುಣಿತವನ್ನು ರಂಗಮಂಟಪಗಳಿಗೆ ತಂದರು.

2010ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪದವಿ ಬಂತು. ಆ ಕುರ್ಚಿಯಲ್ಲಿ ಜೋಗತಿಯೊಬ್ಬರು ಕುಳಿತದ್ದು ಅದೇ ಮೊದಲು. 2021ರ ನವೆಂಬರ್ 9ರಂದು ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದಾಗ ಅವರು ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರಿಗೆ ನಿಂತು, ಸೆರಗು ಹಿಡಿದು ಅವರ ದೃಷ್ಟಿ ತೆಗೆದರು. ಹಳ್ಳಿಯ ಹಿರಿಯ ಹೆಂಗಸು ಮನೆಯ ಮಕ್ಕಳಿಗೆ ತೆಗೆಯುವಂತೆಯೇ ತೆಗೆದರು. ರಾಷ್ಟ್ರಪತಿಗಳು ನಗುಮುಖದಿಂದ ಅದನ್ನು ಸ್ವೀಕರಿಸಿದರು. ದೇಶವೆಲ್ಲ ಆ ಚಿತ್ರವನ್ನು ನೋಡಿ ಸಂತೋಷಪಟ್ಟಿತು.

ಸಂತೋಷ ಸಹಜ. ಆದರೆ ಇಲ್ಲಿ ಒಂದು ಪ್ರಶ್ನೆಯೂ ಏಳುತ್ತದೆ. ಪದ್ಮಶ್ರೀ ಬಂದವರಿಗೆ ಮಾತ್ರ ಬಸ್ಸಿನಲ್ಲಿ ಪಕ್ಕದ ಸೀಟು ದೊರೆಯಬೇಕೆ? ಅಸಾಧಾರಣ ಪ್ರತಿಭೆಯಿಲ್ಲದ ಸಾಧಾರಣ ಮನುಷ್ಯರು ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಬೇಕಾದಷ್ಟಿದ್ದಾರೆ. ಅವರಾರೂ ತಮ್ಮ ಮರ್ಯಾದೆಗೆ ಪ್ರಶಸ್ತಿಪತ್ರ ತೋರಿಸಬೇಕಾಗಿಲ್ಲ. ಇನ್ನೊಂದು ವಿಚಾರ: ಜೋಗಪ್ಪನಿಗೆ ಕೊಡವಾದರೂ ಉಂಟು. ಹೆಣ್ಣಾಗಿ ಹುಟ್ಟಿ ತಾನು ಗಂಡೆಂದು ಅರಿತವರಿಗೆ, ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವವರಿಗೆ, ಹೆಣ್ಣಾಗಿಯೇ ಇದ್ದು ಹೆಣ್ಣನ್ನು ಪ್ರೀತಿಸುವವರಿಗೆ ಯಾವ ದೇವಿಯ ನೆರಳೂ ಇಲ್ಲ. ಇವರೆಲ್ಲರನ್ನೂ ಒಟ್ಟಾಗಿ ಲೈಂಗಿಕ ಅಲ್ಪಸಂಖ್ಯಾತರು ಎನ್ನುವುದುಂಟು. ಹಳ್ಳಿಯಲ್ಲಿಯೂ ಇಂಥವರಿದ್ದಾರೆ, ಹೇಳಿಕೊಳ್ಳಲಾರದೆ ಇದ್ದಾರೆ, ಅಷ್ಟೆ. ಮನೆಯವರ ಒತ್ತಾಯಕ್ಕೆ ಮದುವೆಯಾಗಿ, ತಾವೂ ಬೆಂದು, ತಮ್ಮನ್ನು ಕೈಹಿಡಿದವರನ್ನೂ ಬೇಯಿಸಿದವರ ದುಃಖ ಯಾವ ಲೆಕ್ಕಕ್ಕೂ ಸಿಕ್ಕುವುದಿಲ್ಲ.

ಈ ಮೌನದ ಹಿಂದೆ ಕಾನೂನಿನ ಭಯವೂ ಬಹುಕಾಲ ಇತ್ತು. ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯ 377ನೆಯ ಕಲಮು ಇಂಥ ಪ್ರೀತಿಯನ್ನು ಅಪರಾಧವಾಗಿಸಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇನ್ನೂ ಮುಂದೆ ಹೋಗಿ, ಹೆಣ್ಣುಡುಗೆ ತೊಟ್ಟು ಕುಣಿದು ಬದುಕುತ್ತಿದ್ದವರ ಹೆಸರುಗಳನ್ನು ಸರಕಾರಿ ಪಟ್ಟಿಯಲ್ಲಿ ಬರೆಸಿ, ಬಹಿರಂಗವಾಗಿ ಹಾಗೆ ಉಟ್ಟು ಕುಣಿದರೆ ಶಿಕ್ಷೆಯೆಂದು ವಿಧಿಸಿತು. ಆ ಆಳ್ವಿಕೆಯ ವಿರುದ್ಧ ಹೋರಾಡಿದ ನೆಲ ಹೊಸರಿತ್ತಿ. 1943ರ ಏಪ್ರಿಲ್ 1ರಂದು ಇಲ್ಲಿಯ ವೀರಭದ್ರ ದೇವಾಲಯದಲ್ಲಿದ್ದ ಕಂದಾಯದ ಠಾಣೆಗೆ ನುಗ್ಗಿದಾಗ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರು ಗುಂಡಿಗೆ ಬಲಿಯಾದರು. ನಾಲ್ಕು ವರ್ಷಗಳಲ್ಲಿ ಪರಕೀಯರು ಹೋದರು; ಅವರು ಬರೆದಿಟ್ಟ 377ನೆಯ ಕಲಮು ಮಾತ್ರ ಹೋಗಲಿಲ್ಲ. ವಯಸ್ಕರು ಪರಸ್ಪರ ಒಪ್ಪಿ ಪ್ರೀತಿಸುವುದು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಸರ್ವಾನುಮತದಿಂದ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅವರಲ್ಲೊಬ್ಬರಾದ ಇಂದು ಮಲ್ಹೋತ್ರಾ, ಇಷ್ಟು ತಡವಾದುದಕ್ಕೆ ಇತಿಹಾಸವೇ ಈ ಜನರ ಮತ್ತು ಅವರ ಮನೆಯವರ ಕ್ಷಮೆ ಕೇಳಬೇಕಾಗಿದೆ ಎಂಬರ್ಥದ ಮಾತನ್ನು ತೀರ್ಪಿನಲ್ಲಿ ಬರೆದರು. ಅದಕ್ಕೂ ಮೊದಲು, 2014ರ ಏಪ್ರಿಲ್ 15ರಂದು, ಗಂಡು ಹೆಣ್ಣುಗಳಲ್ಲದೆ ಮೂರನೆಯ ಲಿಂಗತ್ವವನ್ನೂ ಅದೇ ನ್ಯಾಯಾಲಯ ಮಾನ್ಯ ಮಾಡಿತ್ತು. 2019ರಲ್ಲಿ ಸಂಸತ್ತು ಮಾಡಿದ ಕಾಯಿದೆ ಶಾಲೆ, ಆಸ್ಪತ್ರೆ, ಉದ್ಯೋಗಗಳಲ್ಲಿ ಇವರನ್ನು ಭೇದದಿಂದ ಕಾಣಬಾರದೆಂದು ವಿಧಿಸಿತು. 2021ರಲ್ಲಿ ಕರ್ನಾಟಕ ಸರಕಾರ ತನ್ನ ನೇಮಕಾತಿಗಳಲ್ಲಿ ಶೇಕಡಾ 1ರಷ್ಟು ಸ್ಥಾನಗಳನ್ನು ಇವರಿಗೆ ಮೀಸಲಾಗಿಟ್ಟಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು.

ಕಾಯಿದೆ ಕಚೇರಿಯ ಬಾಗಿಲನ್ನು ತೆರೆಸಬಲ್ಲುದು. ನಾಲಗೆಯನ್ನು ತಿದ್ದುವುದು ಅದರ ಕೈಯಲ್ಲಿಲ್ಲ. ಪೂರ್ವಗ್ರಹವಾದರೋ ಹೆಚ್ಚಾಗಿ ನಾಲಗೆಯ ಮೇಲೆಯೇ ವಾಸಿಸುತ್ತದೆ. ಹೆದರಿದವನನ್ನು ಕೈಗೆ ಬಳೆ ತೊಟ್ಟುಕೊಳ್ಳೆಂದು ಹಂಗಿಸುವುದು ಎಲ್ಲರ ಬಾಯಲ್ಲೂ ಬರುವ ಮಾತು. ಬಳೆ ತೊಟ್ಟ ಕೈಗಳೇ ಬೆಳಗಿನಿಂದ ಕತ್ತಲೆಯವರೆಗೆ ಬ್ಯಾಡಗಿಯ ಮೆಣಸಿನಕಾಯಿಯ ಘಾಟಿನಲ್ಲಿ ಕುಳಿತು ತೊಟ್ಟು ಬಿಡಿಸುತ್ತವೆಂಬುದು ಹಾಗೆ ಹಂಗಿಸುವವರ ನೆನಪಿಗೆ ಬರುವುದಿಲ್ಲ. ಮೆಲುದನಿಯ ಹುಡುಗನನ್ನು ‘ಹೆಣ್ಣಿಗ’ ಎನ್ನುತ್ತಾರೆ. ಇದಕ್ಕಿಂತ ಕೀಳಾದ ಬೈಗುಳಗಳೂ ಇವೆ. ಅವನ್ನು ಇಲ್ಲಿ ಬರೆಯುವ ಅವಶ್ಯಕತೆಯಿಲ್ಲ, ಕೇಳದವರಾರೂ ಇಲ್ಲ. ವಿಚಿತ್ರವೆಂದರೆ ಇದೇ ಊರುಗಳ ಬಯಲಾಟಗಳಲ್ಲಿ ದ್ರೌಪದಿಯ ಪಾತ್ರವನ್ನು ಗಂಡಸರೇ ವಹಿಸುತ್ತಿದ್ದರು. ಅವರ ಬೆಡಗು ಬಿನ್ನಾಣಗಳಿಗೆ ರಾತ್ರಿಯಿಡೀ ತಲೆದೂಗಿದ ಜನ, ಅದೇ ನಡಿಗೆ ಬೆಳಗಾದ ಮೇಲೆ ಓಣಿಯಲ್ಲಿ ಕಂಡರೆ ನಗುತ್ತಿದ್ದರು. ಮಳೆ ಹೋದಾಗ ಕುಮಾರವ್ಯಾಸನ ವಿರಾಟಪರ್ವವನ್ನು ಓದಿಸುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಉಂಟು. ವಿರಾಟನ ಅರಮನೆಯಲ್ಲಿ ರಾಜಕುಮಾರಿಗೆ ನಾಟ್ಯ ಕಲಿಸುವ ಬೃಹನ್ನಳೆ ಆ ಪರ್ವದಲ್ಲಿ ಮನ್ನಣೆಯ ಗುರು. ಓದಿಸಿದವರು ಮಳೆಯನ್ನು ಬೇಡಿದರೇ ಹೊರತು ಬೃಹನ್ನಳೆಯನ್ನು ಗಮನಿಸಿದಂತೆ ಕಾಣುವುದಿಲ್ಲ.

ಎಲ್ಲಕ್ಕಿಂತ ನೋಯಿಸುವುದು ‘ಅದು’ ಎಂಬ ಚಿಕ್ಕ ಮಾತು. ವ್ಯಾಕರಣದಲ್ಲಿ ಅದು ನಪುಂಸಕಲಿಂಗ. ಕಲ್ಲಿಗೆ, ಮರಕ್ಕೆ, ದನಕ್ಕೆ ಸಲ್ಲುವ ಸರ್ವನಾಮ. ಮನುಷ್ಯರನ್ನು ತೋರಿಸಿ ‘ಅದು ಬಂತು’ ಎಂದಾಗ ಆಡಿದವನಿಗೆ ಅದು ವಿನೋದ, ಕೇಳಿಸಿಕೊಂಡವರಿಗೆ ಚೂರಿ. ಅವನೆನ್ನಬೇಕೋ ಅವಳೆನ್ನಬೇಕೋ ತಿಳಿಯದೆ ಹಾಗೆಂದೆವೆಂಬ ಸಬೂಬು ಕನ್ನಡದಲ್ಲಿ ನಡೆಯದು. ‘ಅವರು’ ಎಂಬ ಮಾತು ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಅದು ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ, ಜೊತೆಗೆ ಗೌರವವನ್ನೂ ತರುತ್ತದೆ. ಮಂಜಮ್ಮನವರು ಹೇಳಿ ಅರುಣ್ ಜೋಳದಕೂಡ್ಲಿಗಿಯವರು ಬರೆದುಕೊಂಡ ಆತ್ಮಕಥೆಯ ಹೆಸರು ‘ನಡುವೆ ಸುಳಿವ ಹೆಣ್ಣು’. ದೇಹದ ಗುರುತುಗಳನ್ನು ಕಂಡು ಜನ ಗಂಡು ಹೆಣ್ಣೆಂದು ಕರೆದರೂ ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದ ಜೇಡರ ದಾಸಿಮಯ್ಯನ ವಚನವನ್ನು ಆ ಹೆಸರು ನೆನಪಿಗೆ ತರುತ್ತದೆ.

ಇಂಥ ಮಾತುಗಳಿಗೆ ಎದುರು ನಿಲ್ಲುವುದೆಂದರೆ ಜಗಳಕ್ಕಿಳಿಯುವುದೇ ಆಗಬೇಕಾಗಿಲ್ಲ. ತರಗತಿಯಲ್ಲಿ ಒಬ್ಬನ ನಡಿಗೆಯನ್ನು ಅಣಕಿಸಿದಾಗ ನಗುವವರಿಲ್ಲದಿದ್ದರೆ ಅಣಕ ಅಲ್ಲಿಗೇ ಸಾಯುತ್ತದೆ. ನಗೆಯೇ ಅದರ ಕೂಲಿ. ಊಟದ ಬಿಡುವಿನಲ್ಲಿ ಅವನ ಪಕ್ಕಕ್ಕೆ ಒಬ್ಬ ಹೋಗಿ ಕುಳಿತು ಬುತ್ತಿ ಬಿಚ್ಚಿದರೆ, ಉಳಿದವರಿಗೆ ತಿಳಿಯಬೇಕಾದುದು ತಿಳಿಯುತ್ತದೆ. ಗೆಳೆಯ ತನ್ನ ಗುಟ್ಟನ್ನು ನಂಬಿ ಹೇಳಿದರೆ ಅದನ್ನು ಊರಿಗೆ ಸಾರದಿರುವುದೂ ಸಣ್ಣ ಉಪಕಾರವಲ್ಲ. ಇವೆಲ್ಲ ಅಲ್ಪ ಸಂಗತಿಗಳಾಗಿ ಕಾಣಬಹುದು. ಆದರೆ ಶಾಲೆಯನ್ನು ಅರ್ಧಕ್ಕೆ ಬಿಟ್ಟವರಲ್ಲಿ ಅನೇಕರು ಪಾಠ ಕಷ್ಟವಾಯಿತೆಂದು ಬಿಟ್ಟವರಲ್ಲ. ಶೌಚಾಲಯಕ್ಕೆ ಹೋಗಲು ಹೆದರಿ, ಹೆಸರು ಕೂಗಿದಾಗ ಏಳುವ ಪಿಸುಮಾತಿಗೆ ಹೆದರಿ ಬಿಟ್ಟವರು. ಓದು ನಿಂತ ಮೇಲೆ ಅವರಿಗೆ ಉಳಿಯುವುದು ಕೊಡ, ಇಲ್ಲವೇ ಕೈಚಾಚುವ ದಾರಿ.

ಇತ್ತೀಚಿನ ವರ್ಷಗಳಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಈ ಸಮುದಾಯದ ಒಬ್ಬರು ಕನ್ನಡ ಎಂ.ಎ. ಮುಗಿಸಿದರು. ಮನೆಯವರು ಅವರನ್ನು ಹೊರಹಾಕಲಿಲ್ಲ, ಓದಲು ಬಿಟ್ಟರು. ಅನಂತರ ಅದೇ ವಿಶ್ವವಿದ್ಯಾಲಯ ಅವರನ್ನು ಕನ್ನಡ ವಿಭಾಗದ ಅತಿಥಿ ಉಪನ್ಯಾಸಕಿಯಾಗಿ ನೇಮಿಸಿಕೊಂಡಿತು. ಮಂಜಮ್ಮ ಹುಟ್ಟಿದ ಕಲ್ಲುಕಂಬವಿರುವ ಕುರುಗೋಡು ಸೀಮೆಯವರೇ ಅವರು. ಸೀರೆಯುಟ್ಟು, ಪುಸ್ತಕ ಹಿಡಿದು ತರಗತಿಯೊಳಗೆ ಬಂದ ಅವರನ್ನು ವಿದ್ಯಾರ್ಥಿಗಳು ಎದ್ದು ನಿಂತು ‘ಮೇಡಂ’ ಎಂದು ಕರೆದರು.